ಮುಂದಿನದು ಮೊದಲೇ ಹೊಳೆದಾಗ: ಅತೀಂದ್ರಿಯ ಅನುಭವವನ್ನು ದೈವಭಕ್ತಿಯೊಂದಿಗೆ ಹೊಂದಿಸಿಕೊಳ್ಳುವ ಕ್ರಮ

ನಡೆಯಲಿರುವುದು ಕನಸಿನಲ್ಲಿ ಮೊದಲೇ ಕಾಣುವುದು, ದೂರದಲ್ಲಿರುವ ನಂಟರ ಸಂಕಟ ಕಾರಣವಿಲ್ಲದೆ ಮನಸ್ಸಿಗೆ ತಟ್ಟುವುದು, ತೀರಿಕೊಂಡವರು ಪಕ್ಕದಲ್ಲಿಯೇ ಇದ್ದಾರೆಂದು ಅನ್ನಿಸುವುದು, ಎದುರಿಗಿರುವವರು ಬಾಯಿ ತೆರೆಯುವ ಮೊದಲೇ ಅವರ ಮನಸ್ಸಿನ ಮಾತು ಹೊಳೆಯುವುದು: ಇಂಥ ಅನುಭವ ಉಳ್ಳವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಅವರಲ್ಲಿ ದೈವಭಕ್ತರಾದವರಿಗೆ ಒಂದು ಹೆಚ್ಚಿನ ಕಷ್ಟವಿದೆ. ಮನೆಯಲ್ಲಿ ಒಬ್ಬರು ಅದನ್ನು ದೇವಿಯ ಕೃಪೆ ಎನ್ನುತ್ತಾರೆ, ಇನ್ನೊಬ್ಬರು ಗಾಳಿ ಸೋಕಿದೆ ಎಂದು ಹೆದರುತ್ತಾರೆ, ಮತ್ತೊಬ್ಬರು ಕರಿನಾಲಿಗೆ ಎಂದು ದೂರ ಇಡುತ್ತಾರೆ. ಇವರೆಲ್ಲರ ಮಾತುಗಳ ನಡುವೆ ಅನುಭವ ಆದವರು ದೇವರ ಮುಂದೆ ನಿಂತಾಗ ತಾವು ಆಯ್ಕೆಯಾದವರೋ ತಪ್ಪಿತಸ್ಥರೋ ಎಂಬುದೇ ತಿಳಿಯದೆ ಒದ್ದಾಡುತ್ತಾರೆ. ಈ ಬರಹ ಅವರಿಗಾಗಿ.

ಇಂಥ ಅನುಭವಗಳು ನಿಜವೋ ಭ್ರಮೆಯೋ ಎಂಬ ವಾದವನ್ನು ಇಲ್ಲಿ ಇತ್ಯರ್ಥ ಮಾಡುವುದಿಲ್ಲ. ಅದು ಇತ್ಯರ್ಥವಾಗುವವರೆಗೆ ಯಾರೂ ಬದುಕನ್ನು ನಿಲ್ಲಿಸಿಕೊಂಡು ಕಾಯಲು ಸಾಧ್ಯವಿಲ್ಲ. ಆದರೆ ಒಂದು ಮಾತನ್ನು ಮೊದಲೇ ಖಚಿತವಾಗಿ ಹೇಳಬಯಸುತ್ತೇನೆ. ಒಬ್ಬ ವ್ಯಕ್ತಿಗೆ ಏನೋ ಕಾಣುತ್ತದೆ ಎಂಬುದರಿಂದ ಅವರು ದೇವರಿಗೆ ಹತ್ತಿರವಾಗಿದ್ದಾರೆ ಎಂದು ತಿಳಿಯಬೇಕಾಗಿಲ್ಲ, ದೂರವಾಗಿದ್ದಾರೆ ಎಂದೂ ತಿಳಿಯಬೇಕಾಗಿಲ್ಲ. ಈ ಎರಡನ್ನೂ ಬಿಡಿಸಿಟ್ಟುಕೊಂಡರೆ ಗೊಂದಲದ ಅರ್ಧಭಾಗ ಕಳೆಯುತ್ತದೆ.

ಮೊದಲು ಬರೆದಿಡಿ

ಒಂದು ದಿನಚರಿ ಪುಸ್ತಕವನ್ನು ಇದಕ್ಕೆಂದೇ ಮೀಸಲಿಡಿ. ಕನಸು ಬಿದ್ದಾಗ ಅಥವಾ ಮುನ್ಸೂಚನೆ ಹೊಳೆದಾಗ ಅದನ್ನು ಘಟನೆ ನಡೆಯುವುದಕ್ಕೆ ಮೊದಲೇ, ದಿನಾಂಕ ಮತ್ತು ವೇಳೆಯೊಂದಿಗೆ, ಕಂಡಷ್ಟನ್ನು ಮಾತ್ರ ಬರೆಯಿರಿ. ‘ನೀರು ಕಂಡಿತು, ಅಣ್ಣ ಅಳುತ್ತಿದ್ದ’ ಎಂದು ಕಂಡಿದ್ದರೆ ಅಷ್ಟನ್ನೇ ಬರೆಯಬೇಕು. ‘ಅಣ್ಣನಿಗೆ ನೀರಿನಿಂದ ಅಪಾಯವಿದೆ’ ಎಂಬುದು ನೀವು ಕೊಟ್ಟ ಅರ್ಥವೇ ಹೊರತು ಕಂಡದ್ದಲ್ಲ. ಆ ದಿನ ನಿದ್ದೆ ಸರಿಯಾಗಿತ್ತೇ, ಉಪವಾಸವಿತ್ತೇ, ಜ್ವರವಿತ್ತೇ, ಹೊಸ ಔಷಧಿಯನ್ನು ತೆಗೆದುಕೊಂಡಿದ್ದಿರೇ ಎಂಬುದನ್ನೂ ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ನಿಜವಾಗದೆ ಹೋದವುಗಳನ್ನು ಹೊಡೆದುಹಾಕಬೇಡಿ. ಅವು ನಿಜವಾದವುಗಳಷ್ಟೇ ಮುಖ್ಯ.

ಇದಕ್ಕೆ ಕಾರಣವಿದೆ. ಘಟನೆಯೊಂದು ನಡೆದ ಮೇಲೆ ನಮ್ಮ ನೆನಪು ಹಳೆಯ ಕನಸನ್ನು ಆ ಘಟನೆಗೆ ತಕ್ಕಂತೆ ತಿದ್ದಿಬಿಡುತ್ತದೆ, ಮತ್ತು ಹಾಗೆ ತಿದ್ದಿದ್ದು ನಮಗೆ ಗೊತ್ತಾಗುವುದಿಲ್ಲ. ಕೂಡಿಬಂದದ್ದು ವರ್ಷಗಟ್ಟಲೆ ನೆನಪಿನಲ್ಲಿ ಉಳಿದರೆ, ತಪ್ಪಿಹೋದದ್ದು ಮರುದಿನವೇ ಮರೆತುಹೋಗುತ್ತದೆ. ಕೆಲವು ತಿಂಗಳು ಪ್ರಾಮಾಣಿಕವಾಗಿ ಬರೆದವರಲ್ಲಿ ಕೆಲವರಿಗೆ ತಮ್ಮ ಅನುಭವ ತಾವು ಎಣಿಸಿದ್ದಕ್ಕಿಂತ ಬಹಳ ವಿರಳವೆಂದು ತಿಳಿಯಬಹುದು, ಕೆಲವರಿಗೆ ವಿವರಿಸಲಾಗದ್ದು ಏನೋ ಉಳಿದೇ ಉಳಿಯಬಹುದು. ಎರಡೂ ಸಂದರ್ಭಗಳಲ್ಲಿ ಸತ್ಯದ ಕಡೆಗೇ ಹೆಜ್ಜೆ ಇಟ್ಟಂತಾಗುತ್ತದೆ, ಸತ್ಯಕ್ಕೆ ಹೆದರುವ ಭಕ್ತಿ ಯಾವ ಧರ್ಮಕ್ಕೂ ಬೇಕಾಗಿಲ್ಲ.

ಎಚ್ಚರ ಮತ್ತು ನಿದ್ದೆಯ ನಡುವಿನ ಹೊತ್ತಿನಲ್ಲಿ ಆಕೃತಿಗಳು ಕಾಣುವುದು, ಹೆಸರು ಹಿಡಿದು ಕರೆದಂತೆ ಕೇಳಿಸುವುದು ಆರೋಗ್ಯವಂತರಿಗೂ ಸಾಮಾನ್ಯ. ತೀರಿಕೊಂಡ ಗಂಡ ಅಥವಾ ಹೆಂಡತಿಯ ಸಾನ್ನಿಧ್ಯದ ಅನುಭವವಂತೂ ಇನ್ನೂ ಸಾಮಾನ್ಯ. ಬ್ರಿಟನ್ನಿನ ವೇಲ್ಸ್‌ನಲ್ಲಿ ವೈದ್ಯರೊಬ್ಬರು ವಿಧವೆಯರನ್ನೂ ವಿಧುರರನ್ನೂ ಮಾತನಾಡಿಸಿ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಮಂದಿ ಇಂಥ ಅನುಭವವನ್ನು ಹೇಳಿಕೊಂಡಿದ್ದರು. ಬಹಳಷ್ಟು ಜನರಿಗೆ ಅದು ಸಾಂತ್ವನವನ್ನೇ ತಂದಿತ್ತು. ಆದ್ದರಿಂದ ಅಗಲಿದ ತಾಯಿ ಬಾಗಿಲಲ್ಲಿ ನಿಂತಂತೆ ಕಂಡರೆ ಪ್ರೇತಬಾಧೆಯೆಂದು ಶಾಂತಿ ಮಾಡಿಸಲು ಓಡುವ ಅಗತ್ಯವಿಲ್ಲ, ನನಗೆ ಸತ್ತವರೊಡನೆ ಮಾತನಾಡುವ ಶಕ್ತಿ ಬಂದಿದೆ ಎಂದು ಹೇಳಿಕೊಳ್ಳುವ ಅಗತ್ಯವೂ ಇಲ್ಲ. ಪ್ರೀತಿಯಿಂದ ನೆನೆದು, ಅವರಿಗಾಗಿ ಪ್ರಾರ್ಥಿಸಿದರೆ ಸಾಕು.

ವೈದ್ಯರ ಬಳಿಗೆ ಹೋಗಬೇಕಾದ ಸಂದರ್ಭ

ಧ್ವನಿಗಳು ನಿಮ್ಮನ್ನು ಹಗಲೆಲ್ಲ ಟೀಕಿಸುತ್ತಿದ್ದರೆ, ನಿಮಗೋ ಇನ್ನೊಬ್ಬರಿಗೋ ಹಾನಿ ಮಾಡೆಂದು ಅಪ್ಪಣೆ ಕೊಡುತ್ತಿದ್ದರೆ, ದಿನಗಟ್ಟಲೆ ನಿದ್ದೆಯಿಲ್ಲದಿದ್ದರೂ ದಣಿವಿಲ್ಲದೆ ಲೋಕೋದ್ಧಾರಕ್ಕೆಂದೇ ಹುಟ್ಟಿದ್ದೇನೆ ಎನ್ನಿಸುತ್ತಿದ್ದರೆ, ಎಲ್ಲರೂ ನಿಮ್ಮ ಮೇಲೆ ಸಂಚು ನಡೆಸುತ್ತಿದ್ದಾರೆ ಎನ್ನಿಸುತ್ತಿದ್ದರೆ ತಡಮಾಡದೆ ಮನೋವೈದ್ಯರನ್ನು ಕಾಣಿ. ‘ಇದು ಹಿಂದೆಯೇ ನಡೆದಿತ್ತು’ ಎಂಬ ಗಾಢವಾದ ಅನ್ನಿಸಿಕೆ, ಇಲ್ಲದ ವಾಸನೆ, ಹೊಟ್ಟೆಯಿಂದ ಮೇಲಕ್ಕೆ ಏರುವ ವಿಚಿತ್ರ ತಳಮಳ ಇವು ಒಟ್ಟಿಗೆ ಮರಳಿ ಮರಳಿ ಬಂದರೆ ಅದು ಮಿದುಳಿನ ಒಂದು ಬಗೆಯ ಅಪಸ್ಮಾರವೂ (ಮೂರ್ಛೆರೋಗ) ಆಗಿರಬಹುದು, ನರರೋಗ ತಜ್ಞರು ಅದಕ್ಕೆ ಚಿಕಿತ್ಸೆ ನೀಡಬಲ್ಲರು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಿವೆ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಮಾತನಾಡಬಹುದು. ವೈದ್ಯರ ಬಳಿಗೆ ಹೋದರೆ ದೈವಕ್ಕೆ ಅಪಚಾರವಾಗುತ್ತದೆ ಎಂದು ಹೇಳುವವರ ಮಾತನ್ನು ದಯವಿಟ್ಟು ಕೇಳಬೇಡಿ.

ನಿಮ್ಮ ಧರ್ಮ ಏನು ಹೇಳುತ್ತದೆ ಎಂಬುದನ್ನು ಮೂಲದಿಂದ ತಿಳಿಯಿರಿ

ಬಹಳಷ್ಟು ಭಯ ಹುಟ್ಟುವುದು ಕೇಳಿದ ಮಾತಿನಿಂದ. ನಿಮ್ಮದೇ ಪರಂಪರೆ ಈ ವಿಷಯದಲ್ಲಿ ಶತಮಾನಗಳ ಹಿಂದೆಯೇ ಆಳವಾಗಿ ಯೋಚಿಸಿದೆ ಎಂದು ತಿಳಿದಾಗ ಒಂಟಿತನ ಕಡಿಮೆಯಾಗುತ್ತದೆ.

ಪತಂಜಲಿಯ ಯೋಗಸೂತ್ರದ ಮೂರನೆಯ ಪಾದದ ಹೆಚ್ಚಿನ ಭಾಗ ವಿಭೂತಿಗಳದ್ದೇ, ಎಂದರೆ ಯೋಗದಿಂದ ಬರುವ ಅಸಾಧಾರಣ ಶಕ್ತಿಗಳದ್ದೇ. ಅದೇ ಪಾದದಲ್ಲಿ, ಇವು ಲೌಕಿಕ ಎಚ್ಚರದಲ್ಲಿ ಸಿದ್ಧಿಗಳು, ಸಮಾಧಿಗೆ ಮಾತ್ರ ಅಡ್ಡಿಗಳು ಎಂಬ ಎಚ್ಚರಿಕೆಯೂ ಇದೆ. ದೇವತೆಗಳೇ ಬಂದು ಆಹ್ವಾನಿಸಿದರೂ ಆಸಕ್ತಿಯನ್ನೂ ಹೆಮ್ಮೆಯನ್ನೂ ತಾಳಬಾರದೆಂಬ ಸೂಚನೆಯೂ ಇದೆ. ನಾಲ್ಕನೆಯ ಪಾದದ ಮೊದಲ ಸೂತ್ರ ಇನ್ನೂ ಬೆಳಕು ನೀಡುತ್ತದೆ. ಸಿದ್ಧಿಗಳು ಹುಟ್ಟಿನಿಂದ, ಔಷಧಿಯಿಂದ, ಮಂತ್ರದಿಂದ, ತಪಸ್ಸಿನಿಂದ, ಸಮಾಧಿಯಿಂದ ಬರುತ್ತವೆ ಎಂದು ಅದು ಹೇಳುತ್ತದೆ. ಹುಟ್ಟಿನಿಂದಲೂ ಔಷಧಿಯಿಂದಲೂ ಬರಬಹುದಾದುದು ಸಂತತನದ ಗುರುತಾಗಲು ಹೇಗೆ ಸಾಧ್ಯ? ಜೈನರ ತತ್ತ್ವಾರ್ಥಸೂತ್ರ ಇದನ್ನೇ ಮತ್ತಷ್ಟು ಖಡಾಖಂಡಿತವಾಗಿ ಹೇಳುತ್ತದೆ. ಐದು ಬಗೆಯ ಜ್ಞಾನಗಳಲ್ಲಿ ದೂರದ್ದನ್ನು ಇಂದ್ರಿಯಗಳ ನೆರವಿಲ್ಲದೆ ತಿಳಿಯುವ ಅವಧಿಜ್ಞಾನ ಒಂದು. ಅದು ದೇವತೆಗಳಿಗೆ ಹುಟ್ಟಿನಿಂದಲೇ ಇರುತ್ತದೆ, ನರಕದ ಜೀವಿಗಳಿಗೂ ಹುಟ್ಟಿನಿಂದಲೇ ಇರುತ್ತದೆ. ಅಷ್ಟೇ ಅಲ್ಲ, ಅವಧಿಜ್ಞಾನ ವಿಪರೀತವೂ ಆಗಬಹುದು, ಎಂದರೆ ಕಾಣುವವನ ದೃಷ್ಟಿಯೇ ಸರಿಯಿಲ್ಲದಿದ್ದರೆ ಕಂಡದ್ದೂ ದಾರಿ ತಪ್ಪಿಸುತ್ತದೆ ಎಂದು ಆ ಗ್ರಂಥ ಎಚ್ಚರಿಸುತ್ತದೆ. ಅತೀಂದ್ರಿಯ ಅನುಭವ ಉಳ್ಳ ಪ್ರತಿಯೊಬ್ಬರೂ, ಅವರು ಯಾವ ಧರ್ಮದವರೇ ಆಗಲಿ, ಈ ಒಂದು ವಿಚಾರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕೆಂದು ನನಗೆ ಅನ್ನಿಸುತ್ತದೆ.

ಶರಣರ ಪರಂಪರೆಯಲ್ಲಿ ಅಲ್ಲಮಪ್ರಭು ಮತ್ತು ಗೋರಕ್ಷರ ಭೇಟಿಯ ಪ್ರಸಂಗವಿದೆ. ಗೋರಕ್ಷನದು ಸಿದ್ಧಿಯಿಂದ ವಜ್ರವಾದ ದೇಹ. ಕತ್ತಿ ಬೀಸಿದರೆ ಖಣಿಲೆಂದು ಸದ್ದಾಗುತ್ತದೆ, ಕೂದಲೂ ಕೊಂಕುವುದಿಲ್ಲ. ಅದೇ ಕತ್ತಿಯನ್ನು ಅಲ್ಲಮನ ಮೇಲೆ ಬೀಸಿದಾಗ ಅದು ಬಯಲಿನಲ್ಲಿ ಆಡಿದಂತೆ ಏನನ್ನೂ ತಾಕದೆ ಹಾದುಹೋಗುತ್ತದೆ. ಗೋರಕ್ಷನಿಗೆ ಶಕ್ತಿಯಿತ್ತು, ಶಕ್ತಿಯೊಂದಿಗೆ ‘ನಾನು’ ಎಂಬುದೂ ಇತ್ತು. ಅಲ್ಲಮನಲ್ಲಿ ಕತ್ತಿಗೆ ತಾಕುವಂಥ ‘ನಾನು’ ಇರಲಿಲ್ಲ. ಶ್ರೀರಾಮಕೃಷ್ಣರು ತಮ್ಮ ತಪಸ್ಸಿನಿಂದ ಬಂದ ಸಿದ್ಧಿಗಳನ್ನು ನರೇಂದ್ರನಿಗೆ ಕೊಡಲು ಮುಂದಾದಾಗ, ಅವು ಭಗವಂತನನ್ನು ಕಾಣಲು ನೆರವಾಗುತ್ತವೆಯೇ ಎಂದು ಆತ ಕೇಳಿದ. ಇಲ್ಲವೆಂಬ ಉತ್ತರ ಬಂದಾಗ ಬೇಡವೆಂದ. ಆ ನಿರಾಕರಣೆಯಿಂದ ಗುರುಗಳಿಗೆ ಸಂತೋಷವೇ ಆಯಿತು.

ಕ್ರೈಸ್ತರಿಗೆ ಮತ್ತು ಮುಸ್ಲಿಮರಿಗೆ ಕಷ್ಟ ಬೇರೆ ಬಗೆಯದು, ಏಕೆಂದರೆ ಅವರ ಗ್ರಂಥಗಳಲ್ಲಿ ಕಣಿ ಕೇಳುವುದಕ್ಕೆ ಸ್ಪಷ್ಟವಾದ ನಿಷೇಧವಿದೆ. ಬೈಬಲ್‌ನ ಧರ್ಮೋಪದೇಶಕಾಂಡದ 18ನೆಯ ಅಧ್ಯಾಯ ಕಣಿ, ಶಕುನ, ಸತ್ತವರನ್ನು ವಿಚಾರಿಸುವುದು ಇವನ್ನೆಲ್ಲ ನಿಷೇಧಿಸುತ್ತದೆ. ಕುರಾನ್ ಅಗೋಚರವಾದುದರ ಅರಿವು ಅಲ್ಲಾಹನಿಗೆ ಮಾತ್ರ ಎನ್ನುತ್ತದೆ. ಇದನ್ನು ಓದಿ ಬೆಚ್ಚಿಬೀಳುವ ಭಕ್ತರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಭವಿಷ್ಯವನ್ನು ಕೈವಶ ಮಾಡಿಕೊಳ್ಳಲು ಹುಡುಕಿಕೊಂಡು ಹೋಗುವುದು ಒಂದು. ಕೇಳದೆಯೇ ಬಂದ ಕನಸು ಇನ್ನೊಂದು. ಎರಡೂ ಧರ್ಮಗಳು ಗೌರವಿಸುವ ಯೋಸೇಫ, ಎಂದರೆ ಯೂಸುಫ್, ಕನಸುಗಳ ಅರ್ಥ ಬಲ್ಲವನಾಗಿದ್ದ, ಆದರೆ ಅರ್ಥ ಹೇಳುವುದು ದೇವರದು ಎಂದೇ ಸೆರೆಮನೆಯಲ್ಲಿ ನುಡಿದ ಎಂದು ಬೈಬಲ್ ಹೇಳುತ್ತದೆ. ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪ್ರವಾದನೆಯನ್ನು ವರಗಳ ಸಾಲಿನಲ್ಲಿ ಸೇರಿಸಿದ ಮೇಲೆ, ಮುಂದಿನ ಅಧ್ಯಾಯದಲ್ಲಿಯೇ ಪ್ರೀತಿಯಿಲ್ಲದಿದ್ದರೆ ಆ ವರವಿದ್ದೂ ತಾನು ಏನೂ ಅಲ್ಲ ಎನ್ನುತ್ತಾನೆ. ಇಸ್ಲಾಮಿನ ಸಂಪ್ರದಾಯದಲ್ಲಿ ಒಳ್ಳೆಯ ಕನಸನ್ನು ಪ್ರೀತಿಪಾತ್ರರಿಗೆ ಮಾತ್ರ ಹೇಳಬೇಕು, ಕೆಟ್ಟ ಕನಸು ಬಿದ್ದರೆ ಅಲ್ಲಾಹನ ಆಶ್ರಯ ಬೇಡಿ ಮಗ್ಗುಲು ಬದಲಿಸಿ ಮಲಗಬೇಕು, ಅದನ್ನು ಯಾರಿಗೂ ಹೇಳಬಾರದು ಎಂಬ ಉಪದೇಶವಿದೆ. ಇಷ್ಟು ಸರಳವಾದ, ಇಷ್ಟು ಹಿತವಾದ ಸಲಹೆಯನ್ನು ನಾನು ಬೇರೆ ಕಡೆ ಕಂಡಿಲ್ಲ.

ಮುನ್ಸೂಚನೆ ಬಂದಾಗ ಮಾಡಬೇಕಾದುದು

ಇಡೀ ವಿಷಯದ ತಿರುಳು ಇಲ್ಲಿದೆ. ಮನಸ್ಸಿಗೆ ಹೊಳೆದದ್ದು ಪೂರ್ತಿ ಸುಳ್ಳಾದರೂ ಅದರಿಂದ ನೀವು ಮಾಡಿದ ಕೆಲಸ ಒಳ್ಳೆಯದೇ ಆಗಿರಬೇಕು. ಹಾಗಿಲ್ಲದ ಕೆಲಸವನ್ನು ಮಾಡಬಾರದು. ಊರಿನಲ್ಲಿರುವ ಚಿಕ್ಕಮ್ಮನಿಗೆ ಏನೋ ಆಗಿದೆ ಎಂದು ಎದೆ ಹೊಡೆದುಕೊಂಡರೆ ಅವರಿಗೆ ಫೋನು ಮಾಡಿ ಯೋಗಕ್ಷೇಮ ವಿಚಾರಿಸಿ, ಬಹಳ ದಿನಗಳಿಂದ ರಕ್ತದೊತ್ತಡ ಪರೀಕ್ಷಿಸಿಕೊಂಡಿಲ್ಲವಾದರೆ ಮಾಡಿಸಿಕೊಳ್ಳಿ ಎನ್ನಿ. ಹೊಳೆದದ್ದು ಸುಳ್ಳಾದರೆ ಚಿಕ್ಕಮ್ಮನಿಗೆ ಒಂದು ಪ್ರೀತಿಯ ಮಾತು ಸಿಕ್ಕಿರುತ್ತದೆ. ಅದರ ಬದಲು ‘ನಿಮ್ಮ ಸಾವು ಕಂಡೆ’ ಎಂದುಬಿಟ್ಟರೆ, ಅದು ನಿಜವಾದರೂ ಸುಳ್ಳಾದರೂ ಆ ಜೀವಕ್ಕೆ ಉಳಿದ ದಿನಗಳೆಲ್ಲ ನರಕ. ಮಗನ ಪ್ರಯಾಣದ ಬಗ್ಗೆ ಕಳವಳವಾದರೆ ಗಾಡಿಯ ಬ್ರೇಕು ನೋಡಿಸು, ರಾತ್ರಿ ಓಡಿಸಬೇಡ ಎಂದು ಹೇಳಬಹುದು. ಮದುವೆಯ ಮಾತುಕತೆಯನ್ನು ಮುರಿಯುವುದು, ಕೆಲಸ ಬಿಡುವುದು, ಆಸ್ತಿ ಮಾರುವುದು, ಚಿಕಿತ್ಸೆಯನ್ನು ನಿಲ್ಲಿಸುವುದು ಇವುಗಳಲ್ಲಿ ಯಾವುದನ್ನೂ ಹೊಳಹೊಂದರ ಬಲದಿಂದ ಮಾಡಬಾರದು.

ಹೊಳೆದ ಕೂಡಲೇ ನಾಲಿಗೆ ಬಿಡಬೇಡಿ. ಮೊದಲು ದೇವರ ಮುಂದೆ, ನಿಮ್ಮ ಮಾತಿನಲ್ಲಿಯೇ ಇಡಿ: ಇದು ನಿನ್ನಿಂದ ಬಂದಿದ್ದರೆ ಇದರಿಂದ ಆಗಬೇಕಾದ ಒಳಿತಿಗೆ ದಾರಿ ತೋರಿಸು, ನನ್ನ ಭಯದಿಂದ ಬಂದಿದ್ದರೆ ಆ ಭಯವನ್ನು ತೆಗೆ. ಇದೇ ಪ್ರಾರ್ಥನೆಯಾಗಬೇಕೆಂದಿಲ್ಲ, ಆದರೆ ಎರಡು ಸಾಧ್ಯತೆಗಳಿಗೂ ಅದರಲ್ಲಿ ಜಾಗವಿರಬೇಕು. ರಾತ್ರಿಯ ಹೊಳಹಿಗೆ ಬೆಳಗಿನವರೆಗೆ ಕಾಯಿರಿ. ಆ ಹೊಳಹು ಯಾರ ಮೇಲಾದರೂ ದ್ವೇಷವನ್ನೋ ಸಂಶಯವನ್ನೋ ಹುಟ್ಟಿಸುತ್ತಿದ್ದರೆ, ಅಥವಾ ನಿಮ್ಮನ್ನು ಉಳಿದವರಿಗಿಂತ ಎತ್ತರದಲ್ಲಿ ಕೂರಿಸುತ್ತಿದ್ದರೆ, ಅದನ್ನು ಅಲ್ಲಿಯೇ ಬಿಟ್ಟುಬಿಡಿ.

ನಿತ್ಯದ ಸಾಧನೆಯನ್ನು ಇದರಿಂದ ಬೇರೆಯಾಗಿಯೇ ಇಟ್ಟುಕೊಳ್ಳಿ. ಜಪ, ಇಷ್ಟಲಿಂಗಪೂಜೆ, ನಮಾಜು, ಜೈನರ ಸಾಮಾಯಿಕ, ಜಪಮಾಲೆಯ ಪ್ರಾರ್ಥನೆ ಯಾವುದೇ ಇರಲಿ, ಅದಕ್ಕೆ ಕುಳಿತಾಗ ಏನಾದರೂ ಕಾಣಲಿ ಎಂದು ಕಾಯಬಾರದು. ಕಂಡರೆ ಅದನ್ನು ಹಿಂಬಾಲಿಸದೆ ನಾಮಕ್ಕೆ ಮರಳಬೇಕು. ಹೊಳಹುಗಳು ಕೂಡಿಬಂದಾಗ ದೇವರಿದ್ದಾನೆ ಎನ್ನುವ ನಂಬಿಕೆ ಅವು ತಪ್ಪಿದಾಗ ಕುಸಿಯುತ್ತದೆ, ಮತ್ತು ಅವು ತಪ್ಪಿಯೇ ತಪ್ಪುತ್ತವೆ.

ಇತರರು ಕೇಳಲು ಬಂದಾಗ

ಒಮ್ಮೆ ಸುದ್ದಿ ಹಬ್ಬಿದರೆ ಜನ ಬಾಗಿಲಿಗೆ ಬರುತ್ತಾರೆ, ಅವರ ದುಃಖ ನಿಜವಾದದ್ದು, ಇಲ್ಲ ಎನ್ನಲು ಮನಸ್ಸು ಬರುವುದಿಲ್ಲ. ಇಲ್ಲಿ ನಮ್ಮ ಊರುಗಳ ಹಳೆಯ ವ್ಯವಸ್ಥೆಗಳಿಂದ ಕಲಿಯುವುದಿದೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಹೊತ್ತಿನ ಜಾತ್ರೆಯಲ್ಲಿ ವ್ರತ ಹಿಡಿದ ಗೊರವಯ್ಯ ಬಿಲ್ಲನ್ನೇರಿ, ‘ಸದ್ದಲೇ’ ಎಂದು ಜನಸಾಗರವನ್ನು ಸುಮ್ಮನಾಗಿಸಿ, ಒಂದೇ ಮಾತಿನ ಕಾರಣಿಕ, ಎಂದರೆ ಭವಿಷ್ಯವಾಣಿ, ನುಡಿಯುತ್ತಾನೆ. ವರ್ಷದಲ್ಲಿ ಒಂದು ದಿನ, ಒಂದು ಸ್ಥಳ, ಮೊದಲೇ ವ್ರತ, ಎಲ್ಲರ ಎದುರಿಗೆ ನುಡಿ, ಅದೂ ಮಳೆ ಬೆಳೆಯೇ ಮೊದಲಾದ ಎಲ್ಲರಿಗೂ ಸೇರಿದ ವಿಷಯಕ್ಕೆ. ತುಳುನಾಡಿನ ದರ್ಶನಗಳಲ್ಲಿಯೂ ಹಾಗೆಯೇ. ದೈವ ಮೈಮೇಲೆ ಬರುವ ಪಾತ್ರಿಗೆ ಆವೇಶ ಬರುವುದಕ್ಕೆ ನಿಯತವಾದ ವಿಧಿಯಿದೆ, ಸುತ್ತ ಹಿರಿಯರಿದ್ದಾರೆ, ದರ್ಶನ ಮುಗಿದ ಮೇಲೆ ಆತ ಮತ್ತೆ ಎಲ್ಲರಂತೆ ಒಬ್ಬ ಮನುಷ್ಯ. ಈ ಆಚರಣೆಗಳನ್ನು ನಂಬುವುದು ಬಿಡುವುದು ಬೇರೆ ಮಾತು. ಅತೀಂದ್ರಿಯವೆಂದು ಭಾವಿಸಿದ್ದಕ್ಕೆ ಸಮಾಜ ಎಷ್ಟು ಬಿಗಿಯಾದ ಕಟ್ಟುಪಾಡನ್ನು ಹಾಕಿತ್ತು ಎಂಬುದು ನಾವು ಗಮನಿಸಬೇಕಾದ ವಿಷಯ. ಮನೆಯ ಕೋಣೆಯಲ್ಲಿ, ಒಬ್ಬರೇ, ಯಾವ ಹಿರಿಯರ ಕಣ್ಣಿಗೂ ಬೀಳದೆ, ಕೇಳಿದಾಗಲೆಲ್ಲ ನುಡಿಯುವವರಿಗೆ ಅಂಥ ಯಾವ ರಕ್ಷಣೆಯೂ ಇಲ್ಲ.

ಆದ್ದರಿಂದ ಕೆಲವು ಕಟ್ಟುಗಳನ್ನು ನೀವೇ ಹಾಕಿಕೊಳ್ಳಿ. ಹಣವನ್ನಾಗಲಿ ಕಾಣಿಕೆಯನ್ನಾಗಲಿ ಪಡೆಯಬೇಡಿ. ಸಾವಿನ ದಿನವನ್ನು ಹೇಳಬೇಡಿ, ಕಳ್ಳ ಯಾರೆಂದು ಹೇಳಬೇಡಿ, ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ಹೇಳಬೇಡಿ. ಇಂಥವರು ಮಾಟ ಮಾಡಿದ್ದಾರೆ ಎಂದಂತೂ ಎಂದೆಂದಿಗೂ ಹೇಳಬೇಡಿ. ಆ ಒಂದು ಮಾತಿನಿಂದ ಬಡ ಹೆಂಗಸರು, ಅದರಲ್ಲೂ ವಿಧವೆಯರು, ಊರು ಬಿಡಬೇಕಾದ ಸ್ಥಿತಿ ಬರುತ್ತದೆ. ಕಾಯಿಲೆ ಹೇಳಿಕೊಂಡು ಬಂದವರನ್ನು ಆಸ್ಪತ್ರೆಗೆ ಕಳುಹಿಸಿ. ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ 2017ರ ಕಾಯಿದೆ 2020ರಿಂದ ಜಾರಿಯಲ್ಲಿದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಾವು ಕಚ್ಚಿದವರಿಗೆ ಚಿಕಿತ್ಸೆ ಸಿಗದಂತೆ ತಡೆಯುವುದು ಅದರಡಿ ಶಿಕ್ಷಾರ್ಹ. ಆದರೆ ಕಾನೂನಿನ ಭಯಕ್ಕಿಂತ ಮೊದಲು ಬರಬೇಕಾದುದು, ದುಃಖದಲ್ಲಿರುವ ಮನುಷ್ಯ ನಮ್ಮ ಬಾಯಿಂದ ಬಂದದ್ದನ್ನೆಲ್ಲ ನಂಬಿಬಿಡುತ್ತಾನೆ ಎಂಬ ಅರಿವು. ಬಂದವರ ಮಾತನ್ನು ತಾಳ್ಮೆಯಿಂದ ಕೇಳಿ, ಅವರೊಡನೆ ಕುಳಿತು ಪ್ರಾರ್ಥಿಸಿ, ಹಾಗೆಯೇ ಕಳುಹಿಸಿಕೊಡಿ. ಅವರಲ್ಲಿ ಬಹಳ ಮಂದಿಗೆ ಬೇಕಾಗಿದ್ದುದು ಅಷ್ಟೇ ಆಗಿರುತ್ತದೆ.

ನಿಮಗೂ ಒಬ್ಬರು ಬೇಕು. ಶಕ್ತಿಗೆ ಬೆರಗಾಗದ, ಶಕ್ತಿಯನ್ನು ಹೀಗಳೆಯದ, ನಿಮ್ಮ ಸಿಟ್ಟು ಸೆಡವುಗಳನ್ನು ಚೆನ್ನಾಗಿ ಬಲ್ಲ ಗುರುವೋ ಪಾದ್ರಿಯೋ ಮೌಲವಿಯೋ ಹಿರಿಯ ಗೆಳತಿಯೋ ಇದ್ದರೆ ಅವರ ಮುಂದೆ ಆ ದಿನಚರಿಯನ್ನು ಆಗಾಗ ಓದಿ. ‘ನಿನ್ನಲ್ಲಿ ಅಪಾರ ಶಕ್ತಿಯಿದೆ, ಇಷ್ಟು ಕಟ್ಟಿದರೆ ಅದನ್ನು ತೆರೆಯುತ್ತೇನೆ’ ಎನ್ನುವವರ ಬಳಿಗೆ ಮತ್ತೆ ಹೋಗಬೇಡಿ.

ಕಂಡೂ ತಡೆಯಲಾಗದಿದ್ದಾಗ

ಅನುಭವಕ್ಕಿಂತ ಹೆಚ್ಚು ಜನರನ್ನು ಸುಡುವುದು ಅದರ ಹಿಂದೆ ಬರುವ ಅಪರಾಧಭಾವ. ಅಪಘಾತ ಮೊದಲೇ ಹೊಳೆದಿತ್ತು, ಹೇಳಿದ್ದರೆ ಉಳಿಯುತ್ತಿದ್ದರೇನೋ. ಅಥವಾ ನಾನು ಹಾಗೆ ಅಂದುಕೊಂಡಿದ್ದರಿಂದಲೇ ಹಾಗಾಯಿತೇನೋ. ಎರಡನೆಯ ಯೋಚನೆಯನ್ನು ಬೇರುಸಹಿತ ಕಿತ್ತುಹಾಕಬೇಕು. ಮನಸ್ಸಿನಲ್ಲಿ ಮೂಡಿದ ಆತಂಕ ಯಾರನ್ನೂ ಕೊಲ್ಲುವುದಿಲ್ಲ. ಲೋಕದ ಹುಟ್ಟು ಸಾವುಗಳು ದೇವರ ಕೈಯಲ್ಲಿವೆ ಎಂದು ನಂಬುವವರು ಅವು ತಮ್ಮ ಯೋಚನೆಯ ಕೈಯಲ್ಲಿವೆ ಎಂದು ಹೆದರುವುದು ತಮ್ಮ ನಂಬಿಕೆಗೇ ವಿರುದ್ಧ.

ಮೊದಲನೆಯದಕ್ಕೆ ಮಹಾಭಾರತದ ಸಂಜಯನನ್ನು ನೆನೆಯಬೇಕು. ಬಂಧುಗಳ ಸಂಹಾರವನ್ನು ಕಣ್ಣಾರೆ ನೋಡಲಾರೆನೆಂದು ಧೃತರಾಷ್ಟ್ರ ಹೇಳಿದಾಗ ವ್ಯಾಸರು ದಿವ್ಯದೃಷ್ಟಿಯನ್ನು ಸಂಜಯನಿಗೆ ಕೊಟ್ಟರು. ರಣರಂಗದ ಎಲ್ಲವೂ ಅವನಿಗೆ ಕಂಡಿತು, ಯೋಧರ ಮನಸ್ಸಿನಲ್ಲಿದ್ದದ್ದೂ ತಿಳಿಯಿತು, ಆದರೆ ಒಂದು ಬಾಣವನ್ನೂ ತಡೆಯುವ ಅಧಿಕಾರ ಅವನಿಗಿರಲಿಲ್ಲ. ಕಂಡದ್ದನ್ನು ಉತ್ಪ್ರೇಕ್ಷೆಯಿಲ್ಲದೆ, ರಾಜನನ್ನು ಮೆಚ್ಚಿಸಲು ತಿರುಚದೆ ಹೇಳುವುದು ಅವನ ಪಾಲಿನ ಕರ್ತವ್ಯವಾಗಿತ್ತು, ಅದನ್ನು ಅವನು ಮಾಡಿದ. ಕಾಣುವುದು ಒಂದು, ನಡೆಸುವುದು ಇನ್ನೊಂದು. ಎರಡನೆಯದರ ಹೊಣೆಯನ್ನು ಯಾರೂ ನಿಮ್ಮ ಹೆಗಲಿಗೆ ಹಾಕಿಲ್ಲ. ಆದರೂ ದುಃಖ ಬಿಡದಿದ್ದರೆ ಆಪ್ತಸಮಾಲೋಚಕರೊಡನೆ ಮಾತನಾಡಿ, ತೀರಿಕೊಂಡವರ ಹೆಸರಿನಲ್ಲಿ ಯಾರಿಗಾದರೂ ಉಪಯೋಗವಾಗುವ ಕೆಲಸವೊಂದನ್ನು ಹಿಡಿಯಿರಿ.

ದುರ್ಯೋಧನ ಸತ್ತ ಮೇಲೆ ಸಂಜಯನ ದಿವ್ಯದೃಷ್ಟಿ ಹೊರಟುಹೋಯಿತು. ಅವನೇ ಧೃತರಾಷ್ಟ್ರನಿಗೆ ಹಾಗೆ ಹೇಳುತ್ತಾನೆ. ನಿಮಗೂ ಒಂದು ದಿನ ಹಾಗಾಗಬಹುದು. ಹೆರಿಗೆಯ ನಂತರವೋ, ದೀರ್ಘ ಕಾಯಿಲೆಯ ನಂತರವೋ, ಕಾರಣವೇ ಇಲ್ಲದೆಯೋ ಕನಸುಗಳು ನಿಲ್ಲಬಹುದು. ಆಗ ಕಠಿಣ ಉಪವಾಸ ಮಾಡಿ, ನಿದ್ದೆಗೆಟ್ಟು, ಅಮಲು ಬರಿಸುವ ಪದಾರ್ಥ ಸೇವಿಸಿ, ಹೊಸ ಹೊಸ ಮಂತ್ರಗಳನ್ನು ಕೇಳಿ ತಂದು ಅದನ್ನು ಮರಳಿ ಪಡೆಯಲು ಹೋಗಬೇಡಿ. ದೇವರು ಮುನಿದಿದ್ದಾನೆಂದು ಹರಕೆ ಹೊರುವುದೂ ಬೇಡ. ದಿನದ ಪ್ರಾರ್ಥನೆಯನ್ನು ಅದೇ ಹೊತ್ತಿಗೆ, ಅಷ್ಟೇ ಹೊತ್ತು ಮುಂದುವರಿಸಿ; ಚಿಕ್ಕಮ್ಮನಿಗೆ ಫೋನು ಮಾಡಲು ಮುನ್ಸೂಚನೆಯೇ ಬರಬೇಕೆಂದಿಲ್ಲ.